ಬೋರ್ಡು ಕಿತ್ತ ಅಂಗಡಿ

ಬ್ಯಾಗು ಹೊಲಿಯುವ ಅಕ್ಕ ಒಂದೇ ಒಂದು ಸಲ ಬಾಗಿಲ ಮೇಲೆ ಬೋರ್ಡು ಹಾಕಿಸಿದ್ದಳು. ಅದರ ಬಣ್ಣ ಒಣಗುವ ಮೊದಲೇ ಆಫೀಸಿನವರು ಒಬ್ಬರ ಹಿಂದೊಬ್ಬರು ವಕ್ಕರಿಸಿದರು. ಆ ಪರವಾನಗಿ ಎಲ್ಲಿ, ಈ ತೆರಿಗೆ ಎಲ್ಲಿ ಎಂದು ಜೀವ ತಿಂದು, ಕೈ ಬೆಚ್ಚಗಾದ ಮೇಲೆಯೇ ಮೆಟ್ಟಿಲಿಳಿದರು. ಅಕ್ಕ ಬೋರ್ಡು ಕಿತ್ತು, ಅದರ ಮೇಲೇ ಬಟ್ಟೆ ಕತ್ತರಿಸತೊಡಗಿದಳು. ಅಂದಿನಿಂದ ಹಿಂದಿನ ಕೋಣೆಯ ಕಿಟಕಿ ಮುಚ್ಚಿ, ಮಿಷಿನ್ ಸದ್ದು ಹೊರಗೆ ಕೇಳದಂತೆ ರೇಡಿಯೊ ಜೋರು ಮಾಡಿ, ತಂಗಿಯ ಜೊತೆ ಬೆವರು ಸುರಿಸುತ್ತಾ ಹೊಲಿಯುತ್ತಿದ್ದಳು. ಶೂ ಹಾಕಿದವರು ಯಾರೇ ವಿಚಾರಿಸಲಿ, ಬ್ಯಾಗು ಹೊಲಿಯುವವರು ಇಲ್ಲಿಲ್ಲ ಅನ್ನಬೇಕೆಂದು ಬೀದಿಗೆಲ್ಲ ಹೇಳಿಟ್ಟಿದ್ದಳು.

ಇವತ್ತು ಬೀದಿ ತುದಿಯ ಸೈಕಲ್ ರಿಪೇರಿ ಮಾವ ನಗುನಗುತ್ತಾ ಒಳಗೆ ಬಂದ.

“ಬೆಳಿಗ್ಗೆ ಶೂ ಹಾಕ್ಕೊಂಡು ಒಬ್ಬ ಬಂದಿದ್ದ ಕಣಮ್ಮ. ಕೈಲಿ ನೀನು ಹೊಲಿದ ಬ್ಯಾಗು! ದೊಡ್ಡ ಅಂಗಡಿಯವನಂತೆ, ಹತ್ತು ಜನಕ್ಕೆ ಆಗೋಷ್ಟು ಕೆಲಸ ಕೊಡ್ತಾನಂತೆ. ಇಂಥ ಬುರುಡೆಗೆಲ್ಲ ನಾನು ಮರುಳಾಗ್ತೀನಾ? ಹೊಲಿಯೋರು ಇಲ್ಲಿ ಯಾರೂ ಇಲ್ಲಪ್ಪ ಅಂತ ಸಾಗಹಾಕಿದೆ.”

“ಯಾವ ಕಡೆ ಹೋದ, ಮಾವ?”

“ಕಾರು ಹತ್ತಿ ಹೋಗೇಬಿಟ್ಟ.”

ಅಕ್ಕನ ಕಾಲು ಪೆಡಲ್ ಮೇಲೆ ನಿಂತುಹೋಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ನಾಳೆ ಇನ್ನೊಬ್ಬ ಶೂ ಹಾಕಿಕೊಂಡು ಬಂದರೆ ಮಾವನ ಇದೇ ಸುಳ್ಳು ಬೇಕಲ್ಲ.

“ಒಳ್ಳೇ ಕೆಲಸ ಮಾಡಿದ್ರಿ ಮಾವ,” ಎಂದು ರೇಡಿಯೊ ಜೋರು ಮಾಡಿದಳು.