ಕಾಕು ತೆಗೆಸಿದ ಎರಡು ಸಾಲು

ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿನ ಚೀಲದಿಂದ ಹುರಿದ ಅಗಸಿ ಬೀಜದ ವಾಸನೆ ಬಂತು. ಅಗಸಿ, ಬೆಳ್ಳುಳ್ಳಿ, ಖಾರ... ಇದು ಕಾಕುವಿನ ಖಾನಾವಳಿಯ ವಾಸನೆ ಎಂದು ಬರೆದರೆ ಸುಳ್ಳಾಗುತ್ತದೆ. ಈ ಭಾಗದ ಎಲ್ಲ ಅಡುಗೆಮನೆಗಳಲ್ಲೂ ಅದೇ ವಾಸನೆ. ನೆನಪಿಗೆ ಒಂದು ನೆಪ ಬೇಕಿತ್ತು, ಸಿಕ್ಕಿತು. ನವನಗರ ದಾಟುವವರೆಗೂ ನಾನು ಕಿಟಕಿಯ ಹೊರಗೇ ನೋಡುತ್ತ ಕುಳಿತೆ.

ಹುಬ್ಬಳ್ಳಿಯ ಕಮರಿಪೇಟೆಯ ಓಣಿಯೊಂದರಲ್ಲಿ ಆಕೆಯ ಖಾನಾವಳಿ. ಊಟಕ್ಕೆ ಬರುವವರೆಲ್ಲ ಆಕೆಯನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಕೆಳಗೆ ಊಟದ ಕೋಣೆ, ಮೇಲೆ ಮನೆ. ಗಂಡ ಬೇಗ ತೀರಿಕೊಂಡಿದ್ದರು. ಆ ಕಟ್ಟಡ ಆಕೆ ರೊಟ್ಟಿ ಬಡಿದೇ ಕಟ್ಟಿಸಿದ್ದು. ಮಕ್ಕಳಿರಲಿಲ್ಲ. ತಂಗಿಯ ಮಗಳನ್ನು ಸಾಕಿ, ಮದುವೆ ಮಾಡಿ, ಅಳಿಯನನ್ನೂ ಮನೆಯಲ್ಲೇ ಇಟ್ಟುಕೊಂಡಿದ್ದರು. ನಾನು ಉಪನೋಂದಣಿ ಕಚೇರಿಯ ಎದುರು ದಸ್ತಾವೇಜು ಬರೆಯುವವನು. ಹಲವು ವರ್ಷ ಮಧ್ಯಾಹ್ನದ ಊಟ ಅಲ್ಲೇ. ಅಲ್ಲಿ ಯಾರೂ ರೊಟ್ಟಿ ಕೇಳುವಂತಿರಲಿಲ್ಲ. ತಾಟು ನೋಡಿ ಕಾಕುವೇ ಹಾಕುತ್ತಿದ್ದರು. ಬಾಯಿ ಬಿಟ್ಟು ಕೇಳಿದವನಿಗೆ ಬೈಗುಳ: "ಯಾಕೋ, ನನ್ನ ಕಣ್ಣು ಹೋಗ್ಯಾವೇನು?"

ಎಪ್ಪತ್ತು ದಾಟಿದ ಮೇಲೆ ಒಂದು ದಿನ ಆಕೆ ತಂಗಿಯ ಮಗಳನ್ನು ಕರೆದುಕೊಂಡು ನನ್ನ ಟೇಬಲ್ಲಿಗೆ ಬಂದರು. ಕಟ್ಟಡವನ್ನು ಅವಳ ಹೆಸರಿಗೆ ಬಕ್ಷೀಸ್ ಪತ್ರ, ಅಂದರೆ ದಾನಪತ್ರ, ಮಾಡಬೇಕಿತ್ತು. ನಾನು ಕರಡು ಓದಿದೆ. ಕೊನೆಯಲ್ಲಿ ಎರಡು ಸಾಲು ಸೇರಿಸಿದ್ದೆ. ಬರೆದುಕೊಡುವವರಿಗೆ ಬದುಕಿರುವವರೆಗೂ ಆ ಮನೆಯಲ್ಲಿ ವಾಸದ ಹಕ್ಕು ಇರುತ್ತದೆ. ಅವರಿಗೆ ಊಟ, ಬಟ್ಟೆ, ಔಷಧ ಕೊಡತಕ್ಕದ್ದು, ತಪ್ಪಿದರೆ ಪತ್ರ ರದ್ದು.

"ಏನಂದಿ? ಇನ್ನೊಮ್ಮೆ ಓದು."

ಓದಿದೆ.

"ಊರಿಗೆಲ್ಲಾ ಉಣ್ಣಾಕ ಹಾಕಿದಾಕಿ ನಾ. ನನಗೊಂದು ತುತ್ತು ಹಾಕ್ರಿ ಅಂತ ಸರಕಾರದ ಕಾಗದದಾಗ ಬೇಡ್ಲೇನು? ಹುಡುಗಿ ಇಲ್ಲೇ ಕುಂತಾಳ, ಆಕಿ ಮಾರಿ ನೋಡಿ ಓದು."

"ಕಾಕೂ, ಎಲ್ಲಾರ ಪತ್ರದಾಗೂ ಹಾಕ್ತೇವ್ರಿ ಇದನ್ನ."

"ಎಲ್ಲಾರೂ ನಿನಗ ರೊಟ್ಟಿ ಹಾಕ್ಯಾರೇನು? ತಗಿ ಅದನ್ನ. ಲಗೂ ತಗಿ, ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೇನಿ."

ಹುಡುಗಿಯ ಕಣ್ಣು ತುಂಬಿತ್ತು. "ಬರೀಲಿ ಬಿಡು ದೊಡ್ಡವ್ವಾ" ಎಂದಳು. ಅಥವಾ ಅವಳು ಹಾಗೆ ಅಂದಳೆಂದು ನಾನೇ ಆಮೇಲೆ ಸೇರಿಸಿಕೊಂಡೆನೋ... ಒಂದು ಮಾತು ಮಾತ್ರ ಖಚಿತ. ನಾಳೆ ಈ ಹುಡುಗಿಯೇ ಇಲ್ಲದಿದ್ದರೆ ಏನು ಗತಿ ಎಂದು ನಾನು ಕೇಳಬೇಕಿತ್ತು. ಕೇಳಿದ್ದೆ ಎಂದು ಬಹಳ ದಿನ ಮಂದಿಗೆ ಹೇಳಿಕೊಂಡು ತಿರುಗಿದೆ. ಕೇಳಿರಲಿಲ್ಲ. ಎದುರಿಗೆ ಕುಳಿತವಳ ಸಾವಿನ ಮಾತು ಬಾಯಿಗೆ ಬರಲಿಲ್ಲ, ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಎರಡೂ ಸಾಲು ಅಳಿಸಿದೆ.

ಕಾಕುವಿನ ನಂಬಿಕೆ ಸುಳ್ಳಾಗಲಿಲ್ಲ. ನನ್ನನ್ನು ಕಾಡುವುದು ಇದೇ. ಹುಡುಗಿ ಆಕೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು, ಮೂರು ವರ್ಷ. ಆಮೇಲೆ ಜ್ವರವೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಮಕ್ಕಳಾಗಿರಲಿಲ್ಲ, ಕಟ್ಟಡ ಗಂಡನ ಪಾಲಾಯಿತು. ಅವನು ವರ್ಷದೊಳಗೆ ಮತ್ತೊಂದು ಮದುವೆಯಾಗಿ ಮಾರಾಟಕ್ಕೆ ಇಟ್ಟ. ಕೊಳ್ಳಲು ಬಂದವನು, ಮೇಲಿನ ಮನೆಯಲ್ಲಿರುವ ಮುದುಕಿಯನ್ನು ಮೊದಲು ಖಾಲಿ ಮಾಡಿಸಿ ಎಂದ.

ಕಾಕು ಧಾರವಾಡಕ್ಕೆ ಹೋಗಿ, ಪತ್ರ ರದ್ದು ಮಾಡಿ ಎಂದು ಹಿರಿಯ ನಾಗರಿಕರ ಕಾಯ್ದೆಯಡಿ ಅರ್ಜಿ ಹಾಕಿದರು. ವಿಚಾರಣೆಯ ದಿನ ನಾನೂ ಹೋಗಿದ್ದೆ. ಹೊರಗಿನ ಬೆಂಚಿನಲ್ಲಿ ಕುಳಿತರೆ ಒಳಗಿನ ಮಾತು ಕೇಳುತ್ತಿತ್ತು. ಅಧಿಕಾರಿ ಪತ್ರ ತಿರುವಿ, "ನೋಡಿಕೊಳ್ಳಬೇಕು ಅನ್ನೋ ಷರತ್ತು ಇದರಲ್ಲಿ ಎಲ್ಲಿದೆ?" ಎಂದರು.

"ನಾನಽ ಬ್ಯಾಡಂದೇರಿ ಸಾಹೇಬ್ರ."

ಬರೆದವರು ಯಾರು ಎಂದು ಅವರು ಕೇಳಲಿಲ್ಲ. ಆಕೆ ಹೇಳಲಿಲ್ಲ. ನಾನು ಎದ್ದು ಒಳಗೆ ಹೋಗಬಹುದಿತ್ತು... ಬೆಂಚು ಬಿಟ್ಟು ಏಳಲಿಲ್ಲ. ಅರ್ಜಿ ವಜಾ ಆಯಿತು.

ಆಮೇಲೆ ಊರ ಹೊರಗಿನ ಒಂದು ವೃದ್ಧಾಶ್ರಮ. ಎರಡು ಸಲ ಹೋಗಿ ಬಂದೆ, ಮೂರು ಸಲ ಅಂತ ಹೇಳುವ ಚಟವಿದೆ ನನಗೆ. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮತ್ತೆ ಹೋಗುತ್ತಿದ್ದೆನೇನೋ. "ಹುಡುಗಿದೇನು ತಪ್ಪಿಲ್ಲ ತಮ್ಮಾ. ಆಕಿ ನನಗಿಂತ ಮುಂದ ಹೋದಳು, ಅಷ್ಟ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ತೀರಿಕೊಂಡದ್ದು ನನಗೆ ತಿಳಿಯುವ ಹೊತ್ತಿಗೆ ಎಂಟು ದಿನವಾಗಿತ್ತು.

ಮೊನ್ನೆ ಹಳೇ ಹುಬ್ಬಳ್ಳಿಯಿಂದ ಹಿರಿಯರೊಬ್ಬರು ಮಗಳೊಂದಿಗೆ ನನ್ನ ಟೇಬಲ್ಲಿಗೆ ಬಂದರು, ಇದ್ದೊಂದು ಮನೆ ಅವಳ ಹೆಸರಿಗೆ ಮಾಡಲು. ನಾನು ಆ ಎರಡು ಸಾಲು ಓದಿದೆ. ತೆಗೆಯಿರಿ ಎಂದರು. ತೆಗೆಯುವುದಿಲ್ಲ ಎಂದೆ. ಯಾಕೆಂದು ಕೇಳಿದಾಗ ಅಂದು ಕಾಕುವಿಗೆ ಕೇಳದೆ ಬಿಟ್ಟ ಆ ಮಾತನ್ನೂ ಈ ಸಲ ಆಡಿಬಿಟ್ಟೆ.

"ನನ್ನ ಮಗಳು ಸಾಯಲಿ ಅಂತೀರೇನ್ರಿ?" ಎಂದು ಅವರು ಕಾಗದ ಎತ್ತಿಕೊಂಡು ಪಕ್ಕದ ಟೇಬಲ್ಲಿಗೆ ಹೋದರು. ಅಲ್ಲಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮಗಳು ಅವರ ಕೈ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದಳು.