ಕತ್ತಿ ಎತ್ತುವ ರಾಣಿಗೊಂದು ಕವಚ

ನಾಟಕ ಕಂಪನಿಯ ಹೊಲಿಗೆ ಕೋಣೆಯಲ್ಲಿ ಕತ್ತರಿಯಮ್ಮ ಹೇಳಿದ್ದೇ ಮಾತು. ನಿಜವಾದ ಹೆಸರು ಅವಳಿಗೇ ಮರೆತಿತ್ತೋ ಏನೋ! ರಾಜನ ನಿಲುವಂಗಿಯಿಂದ ಹಿಡಿದು ಕಳ್ಳನ ತೇಪೆ ಚಡ್ಡಿಯವರೆಗೆ ಎಲ್ಲವೂ ಅವಳ ಮೆಷಿನ್ನಿನಿಂದಲೇ ಇಳಿಯಬೇಕು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೈಯುವ ವಿದ್ಯೆ ಅವಳಿಗೆ ಒಲಿದಿತ್ತು. ಅರ್ಧ ಮಾತು ಕೇಳಿಸದಿದ್ದದ್ದು ಬೈಸಿಕೊಂಡವರ ಪುಣ್ಯ.

ಆ ಸಲ ಕಂಪನಿ ಎತ್ತಿಕೊಂಡದ್ದು ಕೋಟೆ ಕಾಯ್ದ ರಾಣಿಯೊಬ್ಬಳ ಕಥೆ. ಗಂಡ ಯುದ್ಧದಲ್ಲಿ ಸತ್ತ ಮೇಲೆ ಮೂಲೆ ಸೇರದೆ, ತಾನೇ ಕತ್ತಿ ಹಿಡಿದು ಶತ್ರುವನ್ನು ಅಟ್ಟಿದ ಗಟ್ಟಿಗಿತ್ತಿ. ಆ ಪಾತ್ರ ಸಿಕ್ಕಿದ್ದು ಯಾರಿಗೆ ಅಂತೀರಿ? ಕತ್ತರಿಯಮ್ಮನ ಸೊಸೆಗೆ! ವರ್ಷಗಟ್ಟಲೆ ಸಖಿಯಾಗಿ ಹಿಂದೆ ನಿಂತು ನಿಂತು ಬೇಸತ್ತಿದ್ದ ಹುಡುಗಿ. ಅತ್ತೆಗೆ ಹಿಗ್ಗೋ ಹಿಗ್ಗು.

"ನನ್ನ ಸೊಸೆ ಕವಚ ನೋಡಿದೋರ ಕಣ್ಣು ಕುಕ್ಕಬೇಕು" ಎಂದು ದಪ್ಪ ಕ್ಯಾನ್ವಾಸಿಗೆ ಬೆಳ್ಳಿ ಬಣ್ಣ ಬಳಿದು, ಸೊಂಟಕ್ಕೆ ಬಿಗಿಯಾಗಿ, ತೋಳಿಗೆ ಒಪ್ಪವಾಗಿ ಹೊಲಿದಳು.

ಕವಚ ತೊಟ್ಟು ಮೊದಲ ತಾಲೀಮು. ರಾಣಿ ಕತ್ತಿ ಎತ್ತಿದಳು. ಅದು ಭುಜದ ಮಟ್ಟಕ್ಕೆ ಬಂದು ನಿಂತೇಬಿಟ್ಟಿತು. ಇನ್ನೊಮ್ಮೆ ಎತ್ತಿದಳು, ಊಹೂಂ! ಶತ್ರು ಸೇನಾಪತಿ, ಪಾಪ, ಸಾಯಲು ಸಿದ್ಧನಾಗಿ ಕತ್ತು ಬಗ್ಗಿಸಿಕೊಂಡು ಕಾದದ್ದೇ ಬಂತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಾಟಕ ಆಡಿಸುವ ಮೇಷ್ಟ್ರು ಮಾತ್ರ ನಗಲಿಲ್ಲ. "ತೋಳಲ್ಲಿ ಕಸುವೇ ಇಲ್ವಲ್ಲಮ್ಮ ನಿಂಗೆ! ನಾಳೆನೂ ಹೀಗೇ ಆದ್ರೆ ಪಾತ್ರ ಬೇರೆಯವರಿಗೆ ಕೊಡ್ತೀನಿ" ಎಂದರು.

ಸೊಸೆ ಹೊಲಿಗೆ ಕೋಣೆಗೆ ಬಂದವಳೇ ಗಳಗಳ ಅತ್ತಳು. "ಮನೇಲಿ ಚೆನ್ನಾಗೇ ಎತ್ತುತ್ತಿದ್ದೆ, ಅತ್ತೆ."

"ಮನೇಲಿ ಏನು ತೊಟ್ಟಿದ್ದೆ?"

"ಹಳೇ ಅಂಗಿ."

ಕತ್ತರಿಯಮ್ಮ ಬಾಯಿಯ ಸೂಜಿಗಳನ್ನೆಲ್ಲ ತೆಗೆದಿಟ್ಟಳು. "ಬಿಚ್ಚು ಅದನ್ನ. ಇಲ್ಲಿ ಕೊಡು."

ತಾನೇ ತೊಟ್ಟಳು. ಬೆನ್ನಿನ ಗುಂಡಿ ಅವಳ ಮೈಗೆ ಕೂಡಲಿಲ್ಲ, ಹಾಗೇ ಬಿಟ್ಟಳು. ಅಳತೆ ಕೋಲು ಹಿಡಿದು ಕೈಯೆತ್ತಿದರೆ ಕಂಕುಳಲ್ಲಿ ಬಟ್ಟೆ ಜಗ್ಗಿ ಇಡೀ ಕವಚ ಗಂಟಲಿಗೆ ಬಂತು.

"ಅಯ್ಯೋ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ!"

ಆದದ್ದು ಇಷ್ಟೇ. ಅವಳು ಇಷ್ಟು ಕಾಲ ಹೊಲಿದ ರಾಣಿಯರೆಲ್ಲ ರಾಜನ ಪಕ್ಕದಲ್ಲಿ ಕೂತವರು, ಹೂವಿಗಿಂತ ಭಾರದ್ದನ್ನು ಎತ್ತಿದವರಲ್ಲ. ಸೈನಿಕರ ಕವಚಕ್ಕಾದರೆ ಕೈಯಾಡಲೆಂದು ಕಂಕುಳಿನ ಕೆಳಗೆ ಚೌಕದ ತುಂಡೊಂದನ್ನು ತಪ್ಪದೆ ಸೇರಿಸುತ್ತಿದ್ದಳು. ರಾಣಿ ಎಂದ ಕೂಡಲೇ ಕೈ ಅಭ್ಯಾಸಬಲದಿಂದ ಕೂರುವ ರಾಣಿಯ ಅಳತೆಗೇ ಬಟ್ಟೆ ಕತ್ತರಿಸಿತ್ತು.

"ಸುಮ್ನೆ ಸರಿ ಮಾಡಿಬಿಡಿ ಅತ್ತೆ, ಯಾರಿಗೂ ಹೇಳೋದು ಬೇಡ. ನಿಮ್ಮ ಹೆಸರು ಕೆಡುತ್ತೆ" ಎಂದಳು ಸೊಸೆ.

"ನಿನ್ನ ತೋಳಿನ ಹೆಸರು ಕೆಟ್ಟಿದೆಯಲ್ಲ, ಅದಕ್ಕೇನ್ ಹೇಳ್ತೀಯ?"

ಬೆನ್ನು ತೆರೆದ ಕವಚದಲ್ಲೇ, ಕೋಲು ಹಿಡಿದೇ, ಮೇಷ್ಟ್ರ ಮುಂದೆ ಹೋಗಿ ನಿಂತಳು. "ತಪ್ಪು ಹುಡುಗಿದಲ್ಲ, ನನ್ನ ಕತ್ತರಿದು. ಪಾತ್ರ ಅವಳದೇ. ಏನಂತೀರಿ?"

"ಅವಳದೇ ತಾಯಿ, ಅವಳದೇ! ಮೊದಲು ಆ ಕೋಲು ಕೆಳಗಿಡಿ" ಎಂದರು ಮೇಷ್ಟ್ರು.

ಕೋಣೆಗೆ ಮರಳಿದ ಕತ್ತರಿಯಮ್ಮ ಕೂತ ಜಾಗದಿಂದ ಏಳದೆ ಕಂಕುಳಿನ ಹೊಲಿಗೆ ಬಿಚ್ಚಿ, ಚೌಕದ ತುಂಡು ಸೇರಿಸಿ, ಸೊಂಟವನ್ನೂ ಸಡಿಲಿಸಿದಳು. ಅಂದ ಸ್ವಲ್ಪ ಕಡಿಮೆಯಾಯಿತು. ಆಗಲಿ ಬಿಡಿ, ರಾಣಿ ಹೋಗುತ್ತಿರುವುದು ಯುದ್ಧಕ್ಕೆ.

ಆಟದ ದಿನ ಸಭಾಂಗಣ ಕಿಕ್ಕಿರಿದಿತ್ತು. ಪರದೆಯ ಪಕ್ಕದಲ್ಲಿ ನಿಂತ ಕತ್ತರಿಯಮ್ಮನ ಕಣ್ಣೆಲ್ಲ ಕವಚದ ಕಂಕುಳಿನ ಮೇಲೆ. ರಾಣಿ ಕತ್ತಿ ಎತ್ತಿದಳು. ಭುಜ ದಾಟಿತು, ಕಿವಿ ದಾಟಿತು, ಕಿರೀಟದ ಮೇಲೆ ನೆಟ್ಟಗೆ ನಿಂತಿತು! ಅತ್ತೆಗೆ ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಯಿತು.

"ಹೊಡಿ ಮಗಳೇ, ಹೊಡಿ!"

ಸಭೆಯೆಲ್ಲ ಪರದೆಯ ಕಡೆ ತಿರುಗಿತು. ಆಮೇಲೆ ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು "ಹೊಡಿ ಮಗಳೇ!" ಎಂದಳು. ಅವಳ ಹಿಂದೆ ಇಡೀ ಸಭೆಯೇ ಕೂಗಿತು. ಆ ಗದ್ದಲಕ್ಕೆ ಬೆದರಿದ ಸೇನಾಪತಿ ಏಟು ಬೀಳುವ ಮೊದಲೇ ಸತ್ತುಬಿದ್ದ.

ಪರದೆ ಇಳಿದ ಮೇಲೆ ಮೇಷ್ಟ್ರು ದಡದಡ ಬಂದರು. ಬೈಗುಳ ಗ್ಯಾರಂಟಿ ಎಂದು ಕತ್ತರಿಯಮ್ಮ ತಲೆ ತಗ್ಗಿಸಿದಳು.

"ನಾಳೆಯಿಂದ ದಿನಾ ಅದೇ ಜಾಗದಲ್ಲಿ ನಿಂತು, ಹಾಗೇ ಕೂಗ್ಬೇಕು ನೀವು. ತಿಳೀತಾ?"

ಕತ್ತರಿಯಮ್ಮ ತಗ್ಗಿಸಿದ ತಲೆ ಎತ್ತುವ ಮೊದಲೇ, "ಕೂಗ್ತಾರೆ ಮೇಷ್ಟ್ರೇ, ಅವರ ಮಗಳಲ್ವಾ ನಾನು!" ಎಂದು ಸೊಸೆಯೇ ಉತ್ತರ ಕೊಟ್ಟಳು.