ಒಂದೇ ಕಣ್ಣಿನವರಿಗೊಂದು ಕೋವಿ

೨೦೧೪ರ ನವೆಂಬರಿನಲ್ಲಿ ನಮ್ಮ ಅರ್ಬಾಬ್ ನನ್ನನ್ನು ಕ್ಯಾಬಿನ್ನಿಗೆ ಕರೆದು, ತಮ್ಮ ತಂದೆಗೆ ಒಂದು ಪಾಯಿಂಟ್ ಟೂ ಟೂ ರೈಫಲ್ ಆರಿಸಿಕೊಡು ಎಂದರು. ಅರ್ಬಾಬ್ ಅಂದರೆ ಈ ಅರಬ್ ನಾಡಿನಲ್ಲಿ ಯಜಮಾನ. ನಾನು ಜುಮೇರಾ ಲೇಕ್ ಟವರ್ಸಿನ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಖರೀದಿ ಸಹಾಯಕ. ಬಂದು ಎಂಟನೆಯ ತಿಂಗಳು. ಪಂಪು, ವಾಲ್ವು, ಪೈಪುಗಳ ಕೊಟೇಶನ್ ತರಿಸಿ ಹೋಲಿಸುವುದು ನನ್ನ ಕೆಲಸ. ಕೋವಿ ನನ್ನ ಮೇಜಿಗೆ ಬಂದದ್ದು ಬಯೋಡೇಟಾದ ಕೊನೆಯ ಸಾಲಿನಿಂದಾಗಿ: ಉಡುಪಿಯ ಕಾಲೇಜಿನಲ್ಲಿ ಎನ್‌ಸಿಸಿ, ಗುರಿ ಹೊಡೆಯುವುದರಲ್ಲಿ ಎರಡನೆಯ ಬಹುಮಾನ.

ನನ್ನ ಮೇಲಿನವರು ಪರ್ಚೇಸ್ ಮ್ಯಾನೇಜರ್, ಭಟ್ಕಳದ ನವಾಯತಿ ಮನೆತನದವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದೆವು. ವಿಷಯ ಕೇಳಿ ಅವರು ಕುರ್ಚಿ ತಿರುಗಿಸಿ ನಕ್ಕರು.

“ಉಡುಪಿಯವರಿಗೆ ಕೋವಿ ಯಾಕೆ ಮಾರಾಯ? ಸೌಟು ಕೊಟ್ರೆ ಸಾಕಲ್ವಾ?”

“ಸೌಟಲ್ಲಿ ಮೊಲ ಸಾಯೂದಿಲ್ಲ ಭಾಯ್.”

“ನಿಮ್ಮ ಹೋಟ್ಲಿನ ಸಿಹಿ ಸಾಂಬಾರು ಕುಡಿಸು. ಸಾಯ್ತದೆ.”

ನಗು ಮುಗಿದ ಮೇಲೆ ಅವರೇ ಎದ್ದು ಬಾಗಿಲು ಮುಚ್ಚಿದರು. ಉಳಿದ ಕಥೆ ಆಗ ತಿಳಿಯಿತು. ಅರ್ಬಾಬ್‌ನ ತಂದೆಯನ್ನು ಎಲ್ಲರೂ ಬಾಬಾ ಎಂದು ಕರೆಯುತ್ತಿದ್ದರು. ಎಪ್ಪತ್ತು ದಾಟಿದವರು, ಮದೀನತ್ ಜಾಯೆದ್ ಪಟ್ಟಣದಿಂದಲೂ ಆಚೆ, ಮರಳುಗಾಡಿನ ಒಂದು ಒಂಟೆ ಫಾರ್ಮಿನಲ್ಲಿ ವಾಸ. ಬಲಗಣ್ಣಿನ ಬೆಳಕು ಹೋಗಿ ಎರಡು ವರ್ಷ. ಹಿಂದಿನ ಚಳಿಗಾಲದ ಒಂದು ಮಂಜು ಮುಸುಕಿದ ಬೆಳಿಗ್ಗೆ ಅವರು ತಮ್ಮ ಹಳೆಯ ಕೋವಿಯಿಂದ ಒಂದು ಮೊಲಕ್ಕೆ ಗುಂಡು ಹೊಡೆದಿದ್ದರು. ಮೊಲ ಅಲ್ಲಿರಲೇ ಇಲ್ಲ. ಗುಂಡು ಹೋಗಿ ಪಕ್ಕದ ಫಾರ್ಮಿನ ಶೆಡ್ಡಿನ ತಗಡನ್ನು ತೂತು ಮಾಡಿತ್ತು. ಒಳಗೆ ಮಲಗಿದ್ದ ಕೆಲಸಗಾರ ಆಗಷ್ಟೇ ಚಹಾ ಕಾಯಿಸಲು ಹೊರಗೆ ಬಂದಿದ್ದನಂತೆ.

“ಅವತ್ತೇ ಅರ್ಬಾಬ್ ಆ ಕೋವಿ ಕಿತ್ಕೊಂಡ್ರು,” ಎಂದರು ಭಾಯ್. “ಈಗ ಒಂದೇ ಒಂದು ಚಾನ್ಸು. ಮಗನ ಎದುರು ಬಾಬಾ ನಿಜವಾದ ಮೊಲ ಹೊಡೀಬೇಕು. ಹೊಡೆದ್ರೆ ಕೋವಿಯೂ ಫಾರ್ಮೂ ಅವರದು. ಇಲ್ಲದ್ದಕ್ಕೆ ಹೊಡೆದ್ರೆ ಖಲಾಸ್, ಅಬುಧಾಬಿಯ ಫ್ಲ್ಯಾಟು. ಆ ಜನ ಫ್ಲ್ಯಾಟಲ್ಲಿ ಒಂದು ತಿಂಗ್ಳು ಬದುಕೂದಿಲ್ಲ ಮಾರಾಯ. ನಾನು ಬಲ್ಲೆ.”

ಮರುದಿನ ಅರ್ಬಾಬ್ ಒಂದು ಮೊತ್ತ ಹೇಳಿದರು, ಅದಕ್ಕಿಂತ ಹೆಚ್ಚು ಬೇಡ ಎಂದರು. ಸಾಮಾನ್ಯ ಗುಮಾಸ್ತನೂ ಕೊಳ್ಳಬಹುದಾದಷ್ಟು. ತಿಂಗಳೊಳಗೆ ಕಪಾಟಿನಲ್ಲಿ ಬೀಗ ಬೀಳಬಹುದಾದ ವಸ್ತುವಿಗೆ ಹೆಚ್ಚು ಹಾಕಲು ಅವರಿಗೆ ಮನಸ್ಸಿರಲಿಲ್ಲ. ಪರವಾನಗಿ, ಬೇಲಿಯೊಳಗೆ ಮೊಲ ಹೊಡೆಯುವ ಅನುಮತಿ, ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ನಾನು ಆರಿಸಿದರೆ ಸಾಕು.

ಪಾಯಿಂಟ್ ಟೂ ಟೂ ತೋಟೆಯಲ್ಲಿ ಕಿಡಿ ಹೊತ್ತುವ ಮದ್ದು ನಡುವೆ ಇರುವುದಿಲ್ಲ, ತಳದ ಅಂಚಿನೊಳಗೆ ಸುತ್ತಲೂ ಇರುತ್ತದೆ. ಸೂಜಿ ಅಂಚಿಗೆ ಬಡಿದರೆ ಗುಂಡು ಹೊರಟಿತು. ಅಗ್ಗ, ಸದ್ದು ಸಣ್ಣದು, ಭುಜಕ್ಕೆ ಒದೆತವಿಲ್ಲ. ಮುದುಕರ ಭುಜಕ್ಕೆ ಹೇಳಿ ಮಾಡಿಸಿದ್ದು. ಆದರೆ ಮರಳುಗಾಡಿನ ಮೊಲದ ತಲೆ ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಗುಂಡು ಅಲ್ಲೇ ತಾಗಬೇಕು, ಇಲ್ಲವಾದರೆ ಅದು ನರಳುತ್ತ ಪೊದೆ ಸೇರುತ್ತದೆ. ಹಾಗಾಗಿ ನನ್ನ ಅಳತೆಗೋಲು ಇದು: ಐವತ್ತು ಮೀಟರಿನಲ್ಲಿ ಹೊಡೆದ ಐದು ಗುಂಡುಗಳ ತೂತುಗಳನ್ನು ಒಂದು ದಿರ್ಹಮ್ ನಾಣ್ಯ ಮುಚ್ಚಬೇಕು.

ಬಾಡಿಗೆಗೆ ಕೋವಿ ಕೊಡುವ ಒಂದು ಶೂಟಿಂಗ್ ಕ್ಲಬ್ಬಿತ್ತು. ನಾಲ್ಕು ಶನಿವಾರ ಹೋದೆ. ಬಾಬಾಗೆ ಎಡಗಣ್ಣು ಮಾತ್ರ ಇದ್ದುದರಿಂದ ನಾನೂ ಎಡಭುಜಕ್ಕಿಟ್ಟೇ ಹೊಡೆದೆ. ತಾನಾಗಿ ತೋಟೆ ತುಂಬಿಕೊಳ್ಳುವ ಬಗೆಯದು ಮೊದಲ ದಿನವೇ ನನ್ನ ಪಟ್ಟಿಯಿಂದ ಬಿದ್ದುಹೋಯಿತು. ಖಾಲಿ ತೋಟೆಗಳು ಬಲಕ್ಕೆ, ಅಂದರೆ ನನ್ನ ಮೂಗಿನ ಮುಂದೆಯೇ ಹಾರಿದವು. ಒಂದು ಬಿಸಿ ತೋಟೆ ಅಂಗಿಯ ತೋಳಿನೊಳಗೆ ಹೊಕ್ಕಿತು. ಕೆಳಗಿನ ಹಿಡಿ ಎಳೆದು ತುಂಬುವ ಬಗೆಯದಕ್ಕೆ ಎಡ ಬಲ ಎರಡೂ ಒಂದೇ, ನೋಡಲೂ ಚಂದ, ಆದರೆ ಎರಡು ನಾಣ್ಯ ಇಟ್ಟರೂ ತೂತುಗಳು ಹೊರಗೆ ಇಣುಕಿದವು. ಉಳಿದದ್ದು ಬೋಲ್ಟ್ ರೈಫಲ್, ಒಂದೊಂದು ಗುಂಡಿಗೂ ಚಿಲಕ ಎಳೆದು ತಳ್ಳುವಂಥದ್ದು. ಚಿಲಕ ಬಲಗಡೆ. ಎಡಗಡೆಯದು ಬೇಕೆಂದರೆ ಬೆಲೆ ಒಂದೂವರೆ ಪಟ್ಟು. ಬಾಬಾಗೆ ಒಂದೇ ಗುಂಡು ತಾನೇ ಬೇಕಾದದ್ದು, ಚಿಲಕ ಎಲ್ಲಿದ್ದರೇನು ಎಂದು ಬರೆದುಕೊಂಡೆ. ಒಂದೇ ಕೋವಿಯಲ್ಲಿ ನಾಲ್ಕು ಬಗೆಯ ತೋಟೆ ಹಾಕಿ ನೋಡಿದಾಗ ನಾಲ್ಕು ಬಗೆಯ ಗುರಿ ಬಂತು. ಶಬ್ದಕ್ಕಿಂತ ನಿಧಾನವಾಗಿ ಹೋಗುವ ತೋಟೆ ಎಲ್ಲಕ್ಕಿಂತ ಚೆನ್ನಾಗಿ ಕೂತಿತು. ಐದೂ ತೂತು ನಾಣ್ಯದಡಿ ಅಡಗಿದವು.

ಆ ಕ್ಲಬ್ಬಿನಲ್ಲಿ ಗುರಿಕಾಗದ ತಂತಿಗೆ ಜೋತುಬಿದ್ದು ಹೋಗಿ ಬರುತ್ತಿತ್ತು. ಗುಂಡಿ ಒತ್ತಿದರೆ ಉದ್ದನೆಯ ಮಂದಬೆಳಕಿನ ಓಣಿಯ ಆ ತುದಿಯಿಂದ ಬಿಳಿ ಕಾಗದ ಓಲಾಡುತ್ತ ನನ್ನ ಕಡೆಗೆ ಬರುವುದು. ಕೊನೆಯ ಶನಿವಾರ ಪಕ್ಕದ ಓಣಿಯ ಕಾಗದವೂ ಬರತೊಡಗಿತು. ಅಲ್ಲಿ ಯಾರೂ ಇರಲಿಲ್ಲ. ತಂತಿ ಹಳೆಯದು, ಸಡಿಲ ಎಂದರು ಕ್ಲಬ್ಬಿನವರು. ನಾನು ನನ್ನ ಕಾಗದ ಮಡಚಿಕೊಂಡು ಹೊರಟೆ.

ಉಳಿದ ಹಣದ ಮುಕ್ಕಾಲು ದುರ್ಬೀನಿಗೆ ಹೋಯಿತು. ಕೋವಿಯ ಮೇಲೆ ಕೂರಿಸುವ ಸಾಧಾರಣ ದುರ್ಬೀನುಗಳನ್ನು ನೂರು ಮೀಟರಿಗೆಂದು ಹೊಂದಿಸಿರುತ್ತಾರೆ. ಹತ್ತಿರದ ಗುರಿ ನೋಡುವಾಗ ಕಣ್ಣು ಚೂರು ಸರಿದರೂ ಒಳಗಿನ ಗೆರೆಗಳು ಗುರಿಯ ಮೇಲೆ ಜಾರುತ್ತವೆ. ಐವತ್ತಕ್ಕೆ ಹೊಂದಿಸಿದ ದುರ್ಬೀನು ಬೇರೆಯೇ ಬರುತ್ತದೆ. ಒಂದೇ ಕಣ್ಣಿನವರಿಗೆ ಇದರಲ್ಲಿ ರಾಜಿ ಬೇಡ ಅನಿಸಿತು. “ಕೋವಿಗಿಂತ ಕನ್ನಡಕವೇ ದುಬಾರಿ” ಎಂದು ಭಾಯ್ ಗೊಣಗಿದರೂ ಸಹಿ ಹಾಕಿದರು.

ಡಿಸೆಂಬರಿನಲ್ಲಿ ಅಬುಧಾಬಿಯ ಅಂಗಡಿಗೆ ಬಾಬಾ ಬಂದರು. ನಾನು ಅವರನ್ನು ಕಂಡದ್ದು ಅದೇ ಮೊದಲು. ಸಣ್ಣ ದೇಹ, ಬಲಗಣ್ಣಿನಲ್ಲಿ ಹಾಲಿನಂಥ ಬಿಳುಪು. ಕೆಲಸದವರೊಡನೆ ಮಾತಾಡಿ ಕಲಿತ ಹರುಕು ಹಿಂದಿಯಲ್ಲಿ ನನ್ನ ಊರು ಕೇಳಿದರು, ಅಲ್ಲಿ ಮಳೆ ಎಷ್ಟು ಎಂದು ಕೇಳಿದರು. ಕೋವಿಯನ್ನು ಎಡಭುಜಕ್ಕೇರಿಸಿ ಕೌಂಟರಿನ ಪಕ್ಕದ ಖಾಲಿ ಗೋಡೆಯತ್ತ ಹಿಡಿದರು. ನಳಿಗೆ ನಿಧಾನವಾಗಿ ಕೆಳಗಿಳಿದು, ನೆಲದ ಮಟ್ಟದಲ್ಲಿ ಎಡದಿಂದ ಬಲಕ್ಕೆ ಸರಿಯಿತು, ಏನನ್ನೋ ಹಿಂಬಾಲಿಸುವ ಹಾಗೆ. ನಿಂತಿತು. ಬಾಬಾ ದುರ್ಬೀನಿನಿಂದ ಕಣ್ಣೆತ್ತಿ ಬರಿಗಣ್ಣಿನಲ್ಲಿ ನೋಡಿದರು. ಮತ್ತೆ ದುರ್ಬೀನು, ಮತ್ತೆ ಬರಿಗಣ್ಣು. ಅಂಗಡಿಯವನು ಬಗ್ಗಿ ಆ ಮೂಲೆ ನೋಡಿದ. ಹೊಳೆಯುವ ಟೈಲ್ಸ್ ಬಿಟ್ಟರೆ ಅಲ್ಲೇನೂ ಇರಲಿಲ್ಲ. ಅರ್ಬಾಬ್ ಕಿಟಕಿಯತ್ತ ಮುಖ ತಿರುಗಿಸಿಕೊಂಡರು.

“ಅಚ್ಛಾ ಹೈ,” ಎಂದರು ಬಾಬಾ. “ಬಹುತ್ ಅಚ್ಛಾ.”

ಜನವರಿಯ ಎರಡನೆಯ ಶುಕ್ರವಾರ ಬೇಟೆ. ನಾವು ಫಾರ್ಮು ಮುಟ್ಟುವಾಗ ಬೆಳಗಿನ ನಮಾಜು ಮುಗಿದಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಒಂಟೆಗಳ ಕಾಲುಗಳು ಮಾತ್ರ ಕಾಣುತ್ತಿದ್ದವು, ಮೇಲಿನ ದೇಹಗಳೇ ಇರಲಿಲ್ಲ. ಬಾಬಾ ಆರಿಸಿದ ಜಾಗದ ಮುಂದೆ ಬಯಲು, ಬಯಲಿನ ಹಿಂದೆ ಮನೆಯೆತ್ತರದ ಮರಳದಿನ್ನೆ. ತಪ್ಪಿದ ಗುಂಡು ಅದರೊಳಗೇ ಹೂತುಹೋಗುತ್ತದೆ. ಚಾಪೆಯ ಮೇಲೆ ಬಾಬಾ ಮಲಗಿದರು, ಪಕ್ಕದಲ್ಲಿ ನಾನು ಕೈದುರ್ಬೀನು ಹಿಡಿದು ಕೂತೆ. ಕೋವಿ ಮುಟ್ಟುವ ಹಕ್ಕು ನನಗಿರಲಿಲ್ಲ, ಅದು ಅವರ ಪರವಾನಗಿಯದು. ಅರ್ಬಾಬ್ ಮತ್ತು ಭಾಯ್ ಹಿಂದೆ ಕಾರಿನ ಬಳಿ ನಿಂತರು.

“ಬಾತ್ ನಹೀ,” ಎಂದರು ಬಾಬಾ. “ಸಿರ್ಫ್ ದೇಖೋ.”

ನೋಡಿದೆ. ನನ್ನ ಗಾಜಿನ ಮೇಲೆ ಮಂಜು ಕೂತು ಏನೂ ಕಾಣದಾಯಿತು. ಅಂಗಿಯ ಚುಂಗಿನಿಂದ ಒರೆಸುತ್ತ ತಲೆಯೆತ್ತಿದಾಗ ಮೊಲ ಅಲ್ಲಿತ್ತು. ನಲವತ್ತು ಮೀಟರಿನ ಆಚೆ, ಬಯಲಿನ ನಟ್ಟನಡುವೆ, ನಮ್ಮತ್ತಲೇ ಮುಖಮಾಡಿ ಕೂತಿತ್ತು. ಅದು ಬಂದದ್ದನ್ನು ನಾನು ನೋಡಲಿಲ್ಲ. ಮರಳಿನದೇ ಬಣ್ಣ, ಬಲಗಿವಿಯ ತುದಿ ಮಡಚಿಕೊಂಡಿತ್ತು. ಬಾಬಾನ ನಳಿಗೆ ಅದರತ್ತ ತಿರುಗಿತು. ನಾನು ಉಸಿರು ಹಿಡಿದೆ. ಸುತ್ತ ಎಲ್ಲಿಂದಲೂ ಒಂದು ಸದ್ದಿಲ್ಲ, ಒಂಟೆಗಳೂ ಮೆಲುಕು ನಿಲ್ಲಿಸಿದ್ದವು. ಬಾಬಾ ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಬೆರಳನ್ನು ಟ್ರಿಗರಿನಿಂದ ತೆಗೆದು ಮೆಲ್ಲಗೆ ಹೇಳಿದರು:

“ಮಾಫಿ.”

ಫಾರ್ಮು, ಕೋವಿ, ಎಲ್ಲವೂ ಆ ಒಂದು ಗುಂಡಿನ ಮೇಲೆ ನಿಂತಿರುವಾಗ ಈ ಮನುಷ್ಯ ಒಂದು ಮೊಲವನ್ನು ಕ್ಷಮಿಸಿಬಿಟ್ಟರಲ್ಲ! ಮತ್ತೆ ನೋಡಿದಾಗ ಬಯಲು ಖಾಲಿ. ಎದ್ದು ಕಾರಿನತ್ತ ನಡೆದೆ.

“ಭಾಯ್, ಬಾಬಾ ಮಾಫಿ ಮಾಡಿದ್ರು.”

“ಎಂತ ಮಾಡಿದ್ರು?”

“ಮಾಫಿ. ಮೊಲಕ್ಕೆ. ಎದುರಿಗೇ ಕೂತಿತ್ತು, ಹೊಡೀಲಿಲ್ಲ. ಬಾಯಾರೆ ಹೇಳಿದ್ರು.”

ಭಾಯ್ ನನ್ನನ್ನೇ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. “ಮಾರಾಯ, ಅದು ಹಿಂದಿ ಅಲ್ಲ, ಅರಬ್ಬಿ. ಮಾಫಿ ಅಂದ್ರೆ ಇಲ್ಲ ಅಂತ. ಪೆಟ್ರೋಲ್ ಪಂಪಿನವ ಚೇಂಜ್ ಮಾಫಿ ಅಂದ್ರೆ, ಚಿಲ್ಲರೆಯನ್ನು ಕ್ಷಮಿಸಿದ ಅಂತ ತಿಳ್ಕೊಳ್ತಿಯಾ?”

ನನಗದು ಗೊತ್ತಿಲ್ಲದ ಮಾತೇನಲ್ಲ. ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ. ಬಾಬಾ ನನ್ನೊಡನೆ ಹಿಂದಿಯಲ್ಲೇ ಮಾತಾಡುತ್ತಿದ್ದುದರಿಂದ ಕಿವಿ ಆ ಕಡೆಗೇ ಹೋಗಿತ್ತು. ಭಾಯ್‌ನ ನಗು ಅರ್ಧಕ್ಕೆ ನಿಂತಿತು. ನಾನು ಹೇಳಿದ್ದರ ಅರ್ಥ ಅವರಿಗೂ ನನಗೂ ಒಟ್ಟಿಗೇ ಹೊಳೆಯಿತು. ನಟ್ಟನಡುವೆ ಕೂತ ಮೊಲವನ್ನು ಬಾಬಾ ಇಲ್ಲ ಎಂದಿದ್ದರು. ಅಷ್ಟರಲ್ಲಿ ಅರ್ಬಾಬ್ ಹತ್ತಿರ ಬಂದು ಇಂಗ್ಲಿಷಿನಲ್ಲಿ ಕೇಳಿದರು.

“ಮೊಲ ಇತ್ತೇ?”

ಸುಳ್ಳು ಹೇಳಲು ಬರಲಿಲ್ಲ. “ಇತ್ತು.”

“ನಲವತ್ತು ಮೀಟರಿನಲ್ಲಿ? ನನ್ನ ತಂದೆಗೆ ಕಾಣಲಿಲ್ಲವೇ?”

ಉತ್ತರಕ್ಕೆ ಕಾಯದೆ ಅವರು ಬಯಲಿನತ್ತ ನಡೆದರು. ನಾವಿಬ್ಬರೂ ಹಿಂದೆ ಹೋದೆವು. ಮಂಜಿಗೆ ನೆನೆದ ಮರಳು ಆರಿದ ಸಕ್ಕರೆ ಪಾಕದಂತೆ ಮೇಲೆ ತೆಳುವಾಗಿ ಗಟ್ಟಿಯಾಗಿತ್ತು. ಅದರ ಮೇಲೆ ಒಂದು ಜೀರುಂಡೆ ನಡೆದುಹೋದ ಗೆರೆ ಹೊಲಿಗೆಯಷ್ಟು ಸ್ಪಷ್ಟವಾಗಿತ್ತು. ನಾನು ಬೆರಳು ತೋರಿದ ಜಾಗದಲ್ಲಿ, ಅದರ ಸುತ್ತ, ದಿನ್ನೆಯ ಬುಡದವರೆಗೂ ಮೊಲದ ಹೆಜ್ಜೆ ಒಂದೂ ಇರಲಿಲ್ಲ. ಭಾಯ್ ತಮ್ಮ ಬೂಟಿನ ಗುರುತನ್ನೊಮ್ಮೆ ನೋಡಿದರು. ಬೆರಳಿನಷ್ಟು ಆಳ ಬಿದ್ದಿತ್ತು.

ಬಾಬಾ ಕೋವಿಯ ಚಿಲಕ ತೆರೆದು, ಬಗಲಿಗಿಟ್ಟುಕೊಂಡು ಬಂದು ನಿಂತರು. ಮಗನೊಡನೆ ಅರಬ್ಬಿಯಲ್ಲಿ ಏನೋ ಹೇಳಿ, ನನ್ನತ್ತ ತಿರುಗಿ ಹಿಂದಿಗೆ ಬಂದರು.

“ಬಲಗಿವಿ ಮಡಚಿತ್ತು, ಹೌದಾ?”

ಕಿವಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ತಲೆಯಾಡಿಸಿದೆ.

“ಅದೇ. ಮಂಜು ಬಿದ್ದ ದಿನ ಬರುತ್ತದೆ. ಬರಿಗಣ್ಣಿಗೆ ಇದೆ. ಈ ಗಾಜಿನಲ್ಲಿ,” ಎಂದು ಕೋವಿಯ ಮೇಲಿನ ದುರ್ಬೀನನ್ನು ಉಗುರಿನಿಂದ ತಟ್ಟಿದರು, “ಮರಳು ಇದೆ, ಹುಲ್ಲು ಇದೆ. ಅದು ಮಾಫಿ. ಹೋದ ವರ್ಷ ನನ್ನ ಹತ್ತಿರ ಗಾಜಿರಲಿಲ್ಲ.”

ಅರ್ಬಾಬ್ ಭಾಯ್‌ನನ್ನು ಕೇಳಿದರು, “ನಿನಗೇನು ಕಂಡಿತು?”

“ಮಂಜು, ಸಾರ್.”

ಮತ್ತೆ ಚಾಪೆಗೆ ಹೋದೆವು. ಈ ಸಲ ಅರ್ಬಾಬ್ ನಮ್ಮ ಬೆನ್ನ ಹಿಂದೆಯೇ ಕೂತರು. ಬೆಳಕು ಏರಿ ದಿನ್ನೆಯ ಅಂಚು ತಿಳಿಯಾಗತೊಡಗಿದಾಗ ಬುಡದ ಒಣಹುಲ್ಲಿನ ಬಳಿ ಮೊಲವೊಂದು ಕಾಣಿಸಿತು. ಎರಡು ಕಿವಿಯೂ ನೆಟ್ಟಗಿದ್ದವು. ಹೀಗಿದ್ದರೂ ನನಗೆ ಧೈರ್ಯ ಬರಲಿಲ್ಲ. ಕೈದುರ್ಬೀನು ಕಣ್ಣಿಗೇರಿಸಲು ಕೈ ಬರಲಿಲ್ಲ. ಅದರೊಳಗೆ ಹುಲ್ಲು ಮಾತ್ರ ಕಂಡರೆ? ಬಾಬಾ ದುರ್ಬೀನಿಗೆ ಕಣ್ಣಿಟ್ಟೇ ಕೇಳಿದರು, “ಫೀ?” ಇದೆಯೇ?

ಬಾಬಾ “ಬಿಸ್ಮಿಲ್ಲಾ” ಎಂದರು. ಒಣಕಡ್ಡಿ ಮುರಿದಷ್ಟೇ ಸದ್ದು.

ಜೀವವಿದ್ದರೆ ಹಲಾಲ್ ಮಾಡಲೆಂದು ಭಾಯ್ ಚಾಕು ಹಿಡಿದು ಓಡಿದರು. ಮಂಜಿನೊಳಗಿಂದ ಅವರ ಕೂಗು ಕೇಳುವವರೆಗಿನ ಹೊತ್ತನ್ನು ಅಳೆಯಲು ನನಗೆ ನೆನಪಾಗಲಿಲ್ಲ. “ಫೀ, ಅರ್ಬಾಬ್! ಫೀ!” ಮೊಲದ ಕಿವಿ ಹಿಡಿದು ಎತ್ತಿ ತೋರಿಸಿದರು. ಗುಂಡು ಕಣ್ಣಿನ ಹಿಂದೆ ತಾಗಿತ್ತು. ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಸುತ್ತ ಹೆಜ್ಜೆಗಳಿದ್ದವು, ಎಣಿಸಲಾಗದಷ್ಟು.

ಅರ್ಬಾಬ್ ತಂದೆಯ ತಲೆಗೆ ಮುತ್ತಿಟ್ಟರು. ಕೋವಿಯೂ ಫಾರ್ಮೂ ನಿಮ್ಮದೇ ಎಂದರಂತೆ. ಭಾಯ್ ನನಗೆ ಕನ್ನಡದಲ್ಲಿ ಹೇಳಿದರು. ಒಂದು ಷರತ್ತು ಮಾತ್ರ ಇತ್ತು. ಮಂಜಿನ ದಿನ ಬಾಬಾ ಒಬ್ಬರೇ ಕೋವಿ ಹಿಡಿದು ಹೊರಡಬಾರದು, ಜೊತೆಗೊಬ್ಬರು ಇರಬೇಕು. ನಾನು ಮುಂದೆ ಬಂದೆ. ಶುಕ್ರವಾರ ನನಗೆ ರಜೆ, ನಾನೇ ಬರುತ್ತೇನೆ ಎಂದೆ.

ಅರ್ಬಾಬ್ ನನ್ನತ್ತ ತಿರುಗಿದರು.

“ನೀನು ಬೇಡ,” ಎಂದರು. “ನಿನಗೂ ಕಾಣುತ್ತದೆ.”

ಮತ್ತೆ ಭಾಯ್‌ನತ್ತ ಬೆರಳು ತೋರಿಸಿದರು.

“ಯಾ ಅಲ್ಲಾ,” ಎಂದು ಭಾಯ್ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು, “ಎಂತದೂ ಕಾಣ್ಲಿಲ್ಲ ಅಂದದ್ದೇ ತಪ್ಪಾಯ್ತಲ್ಲ ಮಾರಾಯ! ನನ್ನ ಶುಕ್ರವಾರದ ನಿದ್ದೆ ಹೋಯ್ತು.”

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಕೂತು ಆ ದಿನದ ಲೆಕ್ಕ ಬರೆಯಲು ಹೊರಟೆ. ಹೊಡೆದ ಗುಂಡು ಒಂದು, ಸಿಕ್ಕಿದ ಮೊಲ ಒಂದು. ಕಂಡ ಮೊಲ ಎಂಬಲ್ಲಿ ಪೆನ್ನು ನಿಂತಿತು. ರಸ್ತೆಯ ಎರಡು ಬದಿಯಲ್ಲೂ ಇನ್ನೂ ಮಂಜಿತ್ತು. ಭಾಯ್ ಮುಂದೆ ಕೂತು ಕಿಟಕಿಯಾಚೆ ನಿರಾಳವಾಗಿ ನೋಡುತ್ತಿದ್ದರು. ಮದೀನತ್ ಜಾಯೆದ್ ದಾಟುವವರೆಗೂ ನಾನು ತಲೆ ಎತ್ತಲಿಲ್ಲ.